ಬಾಲದ ಮೂಳೆ ಆಪರೇಷನ್: ಗಾಯಕ್ಕೆ ಸೋಂಕು ತಗಲದಿರಲು ಯಾರಿಗೆ ಯಾವ ದಾರಿ?

ಬಾಲದ ಮೂಳೆ ತೆಗೆಸಿಕೊಳ್ಳಲು ದಿನ ಗೊತ್ತಾದವರು, ಆಗಲೇ ತೆಗೆಸಿಕೊಂಡು ಮಗ್ಗುಲಾಗಿ ಮಲಗಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಡ್ರೆಸ್ಸಿಂಗ್ ಒಳ್ಳೆಯದು? ಬರೀ ಹೊಲಿಗೆ ಸಾಕಾ, ಮೇಲೆ ಅಂಟು ಹಾಕಿಸಿಕೊಳ್ಳಬೇಕಾ? ಆಂಟಿಬಯಾಟಿಕ್ ಎಷ್ಟು ದಿನ? ಟಾಯ್ಲೆಟ್‌ಗೆ ಹೋದಾಗ ನೀರಾ, ಪೇಪರಾ? ಡಾಕ್ಟರ್ ಒಂದು ಹೇಳಿರುತ್ತಾರೆ, ನರ್ಸ್ ಇನ್ನೊಂದು, ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡವರು ಮತ್ತೊಂದು. ಮೂರೂ ಸರಿ ಇರಬಹುದು. ಮೂವರೂ ಬೇರೆ ಬೇರೆ ದೇಹ, ಬೇರೆ ಬೇರೆ ಮನೆ ಮನಸ್ಸಲ್ಲಿಟ್ಟುಕೊಂಡು ಹೇಳಿರುತ್ತಾರೆ, ಅಷ್ಟೇ.

ನಾನು ಡಾಕ್ಟರ್ ಅಲ್ಲ. ಅಕ್ಕನಿಗೆ ಈ ಆಪರೇಷನ್ ಆದಾಗ ಅವಳ ಗಾಯ ನೋಡಿಕೊಂಡವಳು, ಆಮೇಲೆ ಅದರ ಬಗ್ಗೆ ಓದುತ್ತಾ ಹೋದವಳು. ಇಲ್ಲಿ ಬರೆದಿರುವುದು ನಿಮ್ಮ ಸರ್ಜನ್ ಮಾತಿಗೆ ಬದಲಿ ಅಲ್ಲ. ಅವರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಆರಿಸಿಕೊಳ್ಳಬೇಕು ಅಂತ ಗೊತ್ತಾಗಲು ಇದು.

ಈ ಗಾಯದ ಕಷ್ಟವೇ ಬೇರೆ

ಜಾಗ ನೋಡಿ. ಬೆನ್ನುಮೂಳೆಯ ಕೊನೆಯಲ್ಲಿರುವ ಈ ಚಿಕ್ಕ ಮೂಳೆ ಕುಂಡಿಯ ಸಂದಿನ ಮೇಲ್ಭಾಗದಲ್ಲೇ ಇದೆ. ಅದನ್ನು ತೆಗೆಯಲು ಕೊಯ್ದ ಜಾಗದ ಕೆಳತುದಿಗೂ ಮಲದ್ವಾರಕ್ಕೂ ಕೆಲವೇ ಸೆಂಟಿಮೀಟರ್ ದೂರ. ಕೈಮೇಲೋ ಮೊಣಕಾಲಮೇಲೋ ಆದ ಗಾಯಕ್ಕೆ ಮುಖ್ಯವಾಗಿ ಚರ್ಮದ ಮೇಲಿರುವ ಸ್ಟೆಫೈಲೋಕಾಕಸ್ ಕಾಟ. ಇಲ್ಲಿ ಅದರ ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳೂ ಸೇರಿಕೊಳ್ಳುತ್ತವೆ: ಇ-ಕೋಲೈ, ಎಂಟೆರೋಕಾಕಸ್, ಗಾಳಿ ಇಲ್ಲದ ಕಡೆಯೇ ಬೆಳೆಯುವ ಬ್ಯಾಕ್ಟೀರಾಯ್ಡಿಸ್. ಮೂಳೆ ತೆಗೆದ ಮೇಲೆ ಒಳಗೆ ಒಂದು ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ರಕ್ತ, ನೀರು ನಿಂತರೆ ಇವಕ್ಕೆ ಒಳ್ಳೆಯ ಆಹಾರ. ಮೇಲಿಂದ ಬೆವರು. ಕೂತರೆ ಒತ್ತಡ, ಎದ್ದರೆ ಎಳೆತ.

ಹಾಗಾಗಿ ಈ ಆಪರೇಷನ್ನಿನಲ್ಲಿ ಮೂಳೆ ತೆಗೆಯುವುದಕ್ಕಿಂತ ಗಾಯ ಮಾಯಿಸುವುದೇ ದೊಡ್ಡ ಕೆಲಸ. ಪ್ರಕಟವಾದ ವರದಿಗಳಲ್ಲಿ ಸೋಂಕಿನ ಪ್ರಮಾಣ ಒಂದೊಂದು ಕಡೆ ಒಂದೊಂದು ಥರ ಇದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಏನಾದರೊಂದು ತೊಡಕು ಬರುತ್ತದೆ, ಅದರಲ್ಲಿ ಗಾಯದ ಸೋಂಕೇ ಜಾಸ್ತಿ ಅಂತ ಇಟ್ಟುಕೊಳ್ಳಿ.

ಯಾವುದನ್ನೇ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು

ಒಂದು, ಇದು ಗಾಯಕ್ಕೆ ಮಲ ಮುಟ್ಟದ ಹಾಗೆ ತಡೆಯುತ್ತದಾ? ಎರಡು, ಗಾಯವನ್ನು ಒಣಗಿರಿಸುತ್ತದಾ, ಅಥವಾ ಬೆವರನ್ನು ಒಳಗೇ ಕಟ್ಟಿಹಾಕುತ್ತದಾ? ಮೂರು, ಹೊಲಿಗೆಯ ಮೇಲೆ ಎಳೆತ ಕಮ್ಮಿ ಮಾಡುತ್ತದಾ, ಜಾಸ್ತಿ ಮಾಡುತ್ತದಾ? ನಾಲ್ಕು, ಎರಡು ಮೂರು ವಾರ ಬಿಡದೆ ಮಾಡಲು ನಿಮ್ಮ ಕೈಲಿ, ನಿಮ್ಮ ಜೇಬಿಗೆ ಆಗುತ್ತದಾ?

ಇವು ನಾಲ್ಕೂ ಎಲ್ಲರಿಗೂ ಹೊಳೆಯುತ್ತವೆ. ಐದನೆಯದು ಯಾಕೋ ಯಾರೂ ಕೇಳಿಕೊಳ್ಳುವುದಿಲ್ಲ, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು: ಈ ಗಾಯವನ್ನು ನೋಡುವವರು ಯಾರು? ಇದು ನಿಮ್ಮ ಕಣ್ಣಿಗೆ ಕಾಣದ ಜಾಗ. ಕನ್ನಡಿ ಹಿಡಿದರೂ ಪೂರ್ತಿ ಕಾಣುವುದಿಲ್ಲ, ತಿರುಗಿ ನೋಡಹೋದರೆ ಹೊಲಿಗೆ ಎಳೆಯುತ್ತದೆ. ದಿನಕ್ಕೊಮ್ಮೆ ನೋಡಿ ಬದಲಿಸಲು ಒಬ್ಬರು ಮನೆಯಲ್ಲಿದ್ದಾರೆ ಅಂದರೆ ಅತ್ಯಂತ ಅಗ್ಗದ ಡ್ರೆಸ್ಸಿಂಗ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಯಾರೂ ಇಲ್ಲ ಅಂದರೆ ಪದೇ ಪದೇ ಮುಟ್ಟಬೇಕಾಗಿಲ್ಲದ ಉಪಾಯವೇ ಬೇಕು, ಸ್ವಲ್ಪ ದುಬಾರಿಯಾದರೂ ಸರಿ.

ಆಪರೇಷನ್ ಮುಂಚೆ, ಆಪರೇಷನ್ ಟೇಬಲ್ ಮೇಲೆ

ಇಲ್ಲಿ ತೀರ್ಮಾನ ಸರ್ಜನ್ನರದು. ಆದರೆ ಕೇಳುವ ಹಕ್ಕು ನಿಮಗಿದೆ, ಕೇಳಿದರೆ ಅವರೂ ಹೇಳುತ್ತಾರೆ.

ಕೂದಲಿನ ವಿಷಯ ಚಿಕ್ಕದು, ಆದರೆ ಮುಖ್ಯ. ಆ ಜಾಗವನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಿಕೊಂಡು ಹೋಗಬೇಡಿ. ರೇಜರ್ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಮನೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಇದನ್ನು ನೇರವಾಗಿ ಬೇಡ ಅನ್ನುತ್ತದೆ. ಕೂದಲು ಹಾಗೇ ಬಿಡಿ, ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್ ಹಿಡಿಯುತ್ತಾರೆ. ಮುಂಚಿನ ದಿನ ಸೋಪು ಹಚ್ಚಿ ಸ್ನಾನ ಮಾಡಿ, ಅಷ್ಟು ಸಾಕು. ಸಿಗರೇಟು ಸೇದುವವರು ನಾಲ್ಕು ವಾರ ಮುಂಚೆಯೇ ಬಿಟ್ಟರೆ ಗಾಯಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಆಪರೇಷನ್ ಹೊತ್ತಿಗೆ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 200 ಮಿಲಿಗ್ರಾಂ ದಾಟದ ಹಾಗೆ ಇಟ್ಟುಕೊಂಡಿರಬೇಕು. ಈ ಎರಡಕ್ಕೂ ಯಾವ ದುಬಾರಿ ಡ್ರೆಸ್ಸಿಂಗೂ ಸಾಟಿಯಿಲ್ಲ, ಅದರಲ್ಲೂ ಸಕ್ಕರೆಯ ವಿಷಯದಲ್ಲಿ.

ಇನ್ನು ಆಂಟಿಬಯಾಟಿಕ್. ಚರ್ಮ ಕೊಯ್ಯುವ ಸ್ವಲ್ಪ ಮುಂಚೆ ರಕ್ತನಾಳಕ್ಕೆ ಒಂದು ಡೋಸ್ ಕೊಡುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಎರಡು ಕಡೆ: ಯಾವ ಔಷಧಿ, ಎಷ್ಟು ಹೊತ್ತು. ಮೂಳೆ ಆಪರೇಷನ್‌ಗಳಿಗೆ ಸಾಮಾನ್ಯವಾಗಿ ಕೊಡುವ ಸೆಫಜೋಲಿನ್ ಚರ್ಮದ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯದು, ಆದರೆ ಕರುಳಿನ ಬ್ಯಾಕ್ಟೀರಾಯ್ಡಿಸ್ ಅದಕ್ಕೆ ಬಗ್ಗುವುದಿಲ್ಲ. ಅದಕ್ಕೇ ಕೆಲವು ಸರ್ಜನ್ನರು ಮೆಟ್ರೊನಿಡಜೋಲ್ ಥರದ ಇನ್ನೊಂದು ಔಷಧಿ ಸೇರಿಸುತ್ತಾರೆ.

ಎಷ್ಟು ಹೊತ್ತು ಅನ್ನುವುದರಲ್ಲಿ ಎರಡು ಬಣ. ಆಪರೇಷನ್ ಮುಗಿದ ಮೇಲೆ, ಸೋಂಕು ಬರದಿರಲಿ ಅನ್ನುವ ಕಾರಣಕ್ಕೇ ಆಂಟಿಬಯಾಟಿಕ್ ಮುಂದುವರಿಸಬೇಡಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದು ಎಲ್ಲ ಥರದ ಆಪರೇಷನ್‌ಗೂ ಅನ್ವಯಿಸುವ ಸಲಹೆ. ಇನ್ನೊಂದು ಕಡೆ, ಇದೇ ಆಪರೇಷನ್ ಮಾಡಿಸಿಕೊಂಡ 136 ಜನರ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊದಲ 56 ಜನರಿಗೆ ಒಂದೇ ಆಂಟಿಬಯಾಟಿಕ್, 24 ಗಂಟೆ. ಅವರಲ್ಲಿ 3.6% ಮಂದಿಗೆ ಸೋಂಕಾಯಿತು. ಆಮೇಲಿನ 80 ಜನರಿಗೆ ಎರಡು ಆಂಟಿಬಯಾಟಿಕ್, 48 ಗಂಟೆ. ಸೋಂಕು ಒಬ್ಬರಿಗೂ ಇಲ್ಲ.

ಕೇಳಿದರೆ ತೀರ್ಪು ಮುಗಿಯಿತು ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಆ 80 ಜನರಿಗೆ ಔಷಧಿ ಮಾತ್ರ ಬದಲಾಗಿರಲಿಲ್ಲ. ಮುಂಚೆ ಎನಿಮಾ, ಅಂದರೆ ಮಲದ್ವಾರದಿಂದ ದ್ರವ ಬಿಟ್ಟು ಹೊಟ್ಟೆ ಖಾಲಿ ಮಾಡಿಸುವುದು, ಕೊಟ್ಟಿದ್ದರು, ಗಾಯವನ್ನು ಎರಡು ಪದರದಲ್ಲಿ ಹೊಲಿದಿದ್ದರು, ಚರ್ಮದ ಮೇಲೆ ಅಂಟು ಹಾಕಿದ್ದರು. ನಾಲ್ಕು ಒಟ್ಟಿಗೆ ಬದಲಾದಾಗ ಗೆದ್ದದ್ದು ಯಾವುದು ಅಂತ ಹೇಳುವುದು ಹೇಗೆ? ಮೇಲಾಗಿ 56ರಲ್ಲಿ 3.6% ಅಂದರೆ ಇಬ್ಬರು. ನನ್ನ ಅಭಿಪ್ರಾಯ ಕೇಳಿದರೆ, ಆ ಅಧ್ಯಯನದಿಂದ ಕಲಿಯಬೇಕಾದದ್ದು ಸೋಂಕನ್ನು ಹಲವು ಕಡೆಯಿಂದ ಒಟ್ಟಿಗೆ ತಡೆಯಬಹುದು ಅನ್ನುವುದು. ಆಂಟಿಬಯಾಟಿಕ್ ಎರಡು ದಿನ ಕೊಟ್ಟರೆ ಉಳಿದದ್ದು ಸುಮ್ನೆ ಬಿಡಬಹುದು ಅಂತ ಅಲ್ಲ.

ಮನೆಗೆ ಬಂದ ಮೇಲೆ ‘ಇರಲಿ’ ಅಂತ ವಾರಗಟ್ಟಲೆ ಮಾತ್ರೆ ನುಂಗುವುದರಲ್ಲಿ ಒಂದು ಪೇಚು ಇದೆ. ಆಂಟಿಬಯಾಟಿಕ್ ಹೊಟ್ಟೆ ಕೆಡಿಸುತ್ತದೆ, ಭೇದಿ ಹತ್ತಿಸುತ್ತದೆ. ಗಾಯ ಮಲದ್ವಾರದ ಪಕ್ಕದಲ್ಲೇ ಇರುವಾಗ ಭೇದಿಗಿಂತ ಕೆಟ್ಟದ್ದು ಬೇರೆ ಯಾವುದಿದೆ? ಕಾಪಾಡಲಿ ಅಂತ ತಗೊಂಡ ಮಾತ್ರೆಯೇ ಗಾಯವನ್ನು ಕೊಳೆ ಮಾಡಿದ ಹಾಗಾಯಿತು. ಡಾಕ್ಟರ್ ಬರೆದಷ್ಟು ದಿನ ತಗೊಳ್ಳಿ. ಹಿಂದೆ ಯಾವಾಗಲೋ ಉಳಿದ ಮಾತ್ರೆಗಳನ್ನು ಅದಕ್ಕೆ ಸೇರಿಸಬೇಡಿ.

ಎನಿಮಾ ಮತ್ತು ಪೂರ್ತಿ ಹೊಟ್ಟೆ ತೊಳೆಯುವ ಔಷಧಿ, ಎರಡರಲ್ಲಿ ಯಾವುದು ಅಂತಲೂ ಕೆಲವರು ಕೇಳುತ್ತಾರೆ. ಎನಿಮಾ ಕೆಳಭಾಗ ಮಾತ್ರ ಖಾಲಿ ಮಾಡುತ್ತದೆ, ಮೊದಲ ಒಂದೆರಡು ದಿನ ಟಾಯ್ಲೆಟ್ ಚಿಂತೆ ಇಲ್ಲ. ಪೂರ್ತಿ ತೊಳೆಯುವ ಔಷಧಿ ತಗೊಂಡರೆ ಆಪರೇಷನ್ ಹೊತ್ತಿಗೂ ನೀರಿನಂಥ ಮಲ ಸೋರುವ ಭಯ ಇರುತ್ತದೆ. ಸರ್ಜನ್ ಬೇರೆ ಕಾರಣ ಹೇಳದಿದ್ದರೆ ಮೊದಲನೆಯದೇ ವಾಸಿ.

ಹೊಲಿಗೆ, ಅಂಟು, ಪಿನ್ನು

ಒಳಗೆ ಕರಗುವ ದಾರದ ಹೊಲಿಗೆ ಹೇಗೂ ಇರುತ್ತದೆ. ಪ್ರಶ್ನೆ ಇರುವುದು ಮೇಲಿನ ಚರ್ಮದ್ದು.

ಬಿಚ್ಚಬೇಕಾದ ನೈಲಾನ್ ಹೊಲಿಗೆ ಗಟ್ಟಿ. ಗಾಯದ ಒಂದು ಮೂಲೆಯಲ್ಲಿ ಕೀವು ಕಟ್ಟಿದರೆ ಒಂದೆರಡು ಹೊಲಿಗೆ ಮಾತ್ರ ಬಿಚ್ಚಿ ಹೊರಗೆ ಬಿಡಬಹುದು, ಅದೇ ಅದರ ದೊಡ್ಡ ಅನುಕೂಲ. ಆದರೆ ಪ್ರತಿ ಹೊಲಿಗೆಯೂ ಎರಡು ತೂತು, ಆ ತೂತಿನ ಸುತ್ತ ಕೊಳೆ ಕೂರುತ್ತದೆ. ಲೋಹದ ಪಿನ್ನು ಬೇಗ ಹಾಕಬಹುದು, ಮಗ್ಗುಲು ಬದಲಿಸಿದಾಗಲೆಲ್ಲ ಚುಚ್ಚುತ್ತದೆ. ಈ ಜಾಗಕ್ಕೆ ನನಗೇನೂ ಅದು ಹಿಡಿಸುವುದಿಲ್ಲ.

ಚರ್ಮದ ಅಂಟು ಅಂದರೆ ಸಯನೋಅಕ್ರಿಲೇಟ್. ಒಳಗೆ ಹೊಲಿಗೆ ಹಾಕಿ ಚರ್ಮದ ಅಂಚು ಕೂಡಿಸಿದ ಮೇಲೆ, ಮೇಲೊಂದು ತೆಳುವಾದ ಪದರವಾಗಿ ಹಚ್ಚುತ್ತಾರೆ. ಒಣಗಿದ ಮೇಲೆ ಅದೇ ಡ್ರೆಸ್ಸಿಂಗ್. ಬ್ಯಾಕ್ಟೀರಿಯಾ ದಾಟುವುದಿಲ್ಲ, ನೀರು ಬಿದ್ದರೂ ಪರವಾಗಿಲ್ಲ, ಬದಲಿಸುವ ಗೋಜಿಲ್ಲ, ಐದರಿಂದ ಹತ್ತು ದಿನದಲ್ಲಿ ತಾನೇ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ನಾನು ಮೇಲೆ ಹೇಳಿದ ಐದನೆಯ ಪ್ರಶ್ನೆಗೆ, ಅಂದರೆ ನೋಡಿಕೊಳ್ಳುವವರು ಯಾರೂ ಇಲ್ಲದವರಿಗೆ, ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ. ಹಾಗಂತ ದೋಷ ಇಲ್ಲದ್ದೇನಲ್ಲ. ಗಾಯ ಒಸರುತ್ತಿದ್ದರೆ ಅಂಟು ಹಿಡಿಯುವುದಿಲ್ಲ. ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಕೆಂಪಾಗಿ ತುರಿಕೆ ಏಳುತ್ತದೆ. ಅದರ ಮೇಲೆ ಯಾವ ಆಯಿಂಟ್‌ಮೆಂಟೂ ಹಚ್ಚುವ ಹಾಗಿಲ್ಲ, ವ್ಯಾಸಲೀನ್ ಥರದ ಜಿಡ್ಡು ಅಂಟನ್ನು ಕರಗಿಸುತ್ತದೆ. ಅಂಚು ಎದ್ದಾಗ ಉಗುರಿನಿಂದ ಕೀಳುವ ಚಟ ಇರುವವರು ಎರಡು ಸಲ ಯೋಚಿಸಿ.

ಡ್ರೆಸ್ಸಿಂಗ್: ಜನ ಜಾಸ್ತಿ ಗೊಂದಲ ಪಡುವುದು ಇಲ್ಲೇ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಲಿದು ಮುಚ್ಚಿದ ಸಾಮಾನ್ಯ ಗಾಯಕ್ಕೆ ದುಬಾರಿ ಡ್ರೆಸ್ಸಿಂಗ್ ಹಾಕಿದರೆ ಸೋಂಕು ಕಮ್ಮಿಯಾಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಮಾಮೂಲಿ ಡ್ರೆಸ್ಸಿಂಗೇ ಸಾಕು ಅನ್ನುತ್ತದೆ. ಆದರೆ ಆ ಸಲಹೆ ಇಡೀ ದೇಹದ ಗಾಯಗಳಿಗೆ. ಕುಂಡಿಯ ಸಂದಿನಲ್ಲಿ ಮಾಮೂಲಿ ಡ್ರೆಸ್ಸಿಂಗ್ ನಿಲ್ಲುತ್ತದಾ ಅನ್ನುವುದೇ ಬೇರೆ ಪ್ರಶ್ನೆ.

ಗಾಜ್ ಬಟ್ಟೆ, ಮೇಲೆ ಟೇಪು. ಅಗ್ಗ. ಎಲ್ಲ ಕಡೆ ಸಿಗುತ್ತದೆ. ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ, ಒಸರಿದ್ದು ಎಷ್ಟು ಅಂತ ಬಟ್ಟೆ ನೋಡಿದರೆ ಗೊತ್ತಾಗುತ್ತದೆ. ದಿನವೂ ಬದಲಿಸುವುದರಿಂದ ದಿನವೂ ಗಾಯ ಕಣ್ಣಿಗೆ ಬೀಳುತ್ತದೆ. ಇದು ಚಿಕ್ಕ ಲಾಭವಲ್ಲ. ಆದರೆ ನೀರು ತಡೆಯುವುದಿಲ್ಲ, ಮಲ ತಡೆಯುವುದಂತೂ ದೂರ. ಟೇಪು ನಿಲ್ಲುವುದಿಲ್ಲ. ಅಕ್ಕನಿಗೆ ನಾನು ಕಟ್ಟುತ್ತಿದ್ದದ್ದು ಇದೇ. ಮೇಲಿನ ಎರಡು ಪಟ್ಟಿ ಸಂಜೆವರೆಗೂ ಗಟ್ಟಿಯಾಗಿರುತ್ತಿದ್ದವು. ಕೆಳಗಿನದು ಮಾತ್ರ, ಮಲದ್ವಾರದ ಕಡೆಯದು, ಎರಡು ಸಲ ಎದ್ದು ಓಡಾಡಿದರೆ ಸಾಕು, ಸುರುಳಿ ಸುತ್ತಿಕೊಂಡಿರುತ್ತಿತ್ತು. ಗಾಯಕ್ಕೆ ಕಾವಲು ಬೇಕಾದದ್ದು ಆ ತುದಿಯಲ್ಲೇ! ಕೊನೆಗೆ ನರ್ಸ್ ಹೇಳಿಕೊಟ್ಟ ಹಾಗೆ, ಮಗ್ಗುಲಾಗಿ ಮಲಗಿಸಿ, ಒಂದು ಕೈಯಿಂದ ಮೇಲಿನ ಕುಂಡಿಯನ್ನು ಮೆಲ್ಲಗೆ ಎತ್ತಿ ಹಿಡಿದು, ಚರ್ಮ ಪೂರ್ತಿ ಒಣಗಿದ ಮೇಲೆ ಕೆಳಗಿನ ಅಂಚನ್ನೇ ಮೊದಲು ಅಂಟಿಸಿ, ಆಮೇಲೆ ಮೇಲಕ್ಕೆ ಹೋಗಲು ಶುರುಮಾಡಿದೆ. ಆಗ ನಿಂತಿತು. ಯಾವ ಡ್ರೆಸ್ಸಿಂಗ್ ಆರಿಸಿದರೂ ಈ ಕ್ರಮ ಬಿಡಬೇಡಿ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಂಥ ಫಿಲ್ಮ್ ಡ್ರೆಸ್ಸಿಂಗ್. ಮಧ್ಯದಲ್ಲಿ ಹೀರುವ ಪ್ಯಾಡ್ ಇರುವುದೂ ಸಿಗುತ್ತದೆ, ಇಲ್ಲದ್ದೂ ಸಿಗುತ್ತದೆ. ನೀರು, ಮಲ ಎರಡನ್ನೂ ತಡೆಯುತ್ತದೆ. ಸ್ನಾನಕ್ಕೆ, ಟಾಯ್ಲೆಟ್‌ಗೆ ನಿಶ್ಚಿಂತೆ. ಪ್ಯಾಡ್ ಇಲ್ಲದ್ದಾದರೆ ಗಾಯ ಹೊರಗಿಂದಲೇ ಕಾಣುತ್ತದೆ, ಫೋನಿನಲ್ಲಿ ಫೋಟೋ ತೆಗೆದು ಸರ್ಜನ್‌ಗೆ ಕಳಿಸಬಹುದು. ತೊಂದರೆ ಬೆವರಿನದು. ರೈನ್‌ಕೋಟ್ ಹಾಕಿಕೊಂಡು ಒಳಗೊಳಗೇ ಬೆವತ ಹಾಗೆ, ಹಾಳೆಯ ಕೆಳಗೆ ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಬೇಗ ಬಿರುಕು ಬಿಡುತ್ತದೆ. ಹೆಚ್ಚು ಬೆವರುವವರಿಗೆ, ಒಸರುವ ಗಾಯಕ್ಕೆ ಪ್ಯಾಡ್ ಇರುವುದೇ ಬೇಕು. ಒಂದು ಅಂಚು ಬಿಟ್ಟುಕೊಂಡರೂ ಕೊಳೆ ಒಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಅಂಚು ಎದ್ದ ಫಿಲ್ಮ್ ಮೇಲೆ ಇನ್ನೊಂದು ಟೇಪು ಹಾಕಿ ಸರಿಮಾಡುವ ಬುದ್ಧಿ ಬೇಡ. ತೆಗೆದು ಹೊಸದು ಹಾಕಿ.

ಹೈಡ್ರೋಕೊಲಾಯ್ಡ್ ಅನ್ನುವ ದಪ್ಪ ಅಂಟು ಹಾಳೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಈ ಜಾಗದ ಆಕಾರಕ್ಕೇ ಕತ್ತರಿಸಿದ್ದು ಕೂಡ ಬರುತ್ತದೆ. ಆದರೆ ಒಳಗೆ ಹಳದಿ ಬಣ್ಣದ, ವಾಸನೆ ಇರುವ ಲೋಳೆ ಕಟ್ಟುತ್ತದೆ. ಅದು ಅದರ ಗುಣ. ಕೀವು ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಅದಕ್ಕಿಂತ ಅಪಾಯ, ನಿಜವಾದ ಕೀವನ್ನು ಇದು ಹೈಡ್ರೋಕೊಲಾಯ್ಡ್ ಲೋಳೆ ಅಂದುಕೊಂಡು ಸುಮ್ಮನಿರುವುದು. ಸೋಂಕಿನ ಭಯವೇ ಮುಖ್ಯವಾಗಿರುವ ಹೊಸ ಗಾಯಕ್ಕೆ ನಾನು ಇದನ್ನು ಆರಿಸುವುದಿಲ್ಲ.

ಸಿಲಿಕೋನ್ ಅಂಚಿನ ಫೋಮ್. ಹಾಸಿಗೆ ಹುಣ್ಣು ಬರದಿರಲಿ ಅಂತ ಆಸ್ಪತ್ರೆಗಳಲ್ಲಿ ಬೆನ್ನಿನ ಕೆಳಭಾಗಕ್ಕೆ ಹಾಕುವುದು ಇದೇ. ಮೆತ್ತಗಿದೆ, ಹೀರುತ್ತದೆ, ಕೀಳುವಾಗ ಚರ್ಮ ಎಳೆಯುವುದಿಲ್ಲ, ಮೆಲ್ಲಗೆ ಎತ್ತಿ ಇಣುಕಿ ನೋಡಿ ಮತ್ತೆ ಅಂಟಿಸಬಹುದು. ವಯಸ್ಸಾದವರ ತೆಳು ಚರ್ಮಕ್ಕೆ, ಟೇಪು ಅಲರ್ಜಿ ಇರುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಬೆಲೆ ಗಾಜ್‌ಗಿಂತ ತುಂಬಾ ಜಾಸ್ತಿ. ಆದರೆ ಮಲ ತಾಗದಿದ್ದರೆ ಕೆಲವು ದಿನ ಒಂದೇ ಸಾಕಾಗುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ಒಂದರ ಬೆಲೆ ನೋಡಬೇಡಿ, ವಾರಕ್ಕೆ ಎಷ್ಟು ಬೇಕು ಅಂತ ನೋಡಿ. ಕೆಳಗಿನ ಅಂಚು ಇದರಲ್ಲೂ ಮೊದಲು ಸುರುಳಿಯಾಗುತ್ತದೆ.

ಕೊನೆಯದು ಗಾಳಿ ಹೀರುವ ಡ್ರೆಸ್ಸಿಂಗ್. ಮುಚ್ಚಿದ ಗಾಯದ ಮೇಲೆ ಫೋಮೋ ಪ್ಯಾಡೋ ಇಟ್ಟು, ಮೇಲೆ ಹಾಳೆ ಅಂಟಿಸಿ, ಒಂದು ಪುಟ್ಟ ಪಂಪಿನಿಂದ ಸದಾ ಎಳೆಯುತ್ತಿರುತ್ತಾರೆ. ಒಸರಿದ್ದು ನಿಲ್ಲುವುದಿಲ್ಲ, ಅಂಚುಗಳು ಕೂಡಿಕೊಂಡಿರುತ್ತವೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಪಂಪುಗಳು ವಾರದ ಲೆಕ್ಕದಲ್ಲಿ ಬರುತ್ತವೆ. ಅಪಾಯ ಹೆಚ್ಚಿರುವ ಗಾಯಗಳಿಗೆ, ಖರ್ಚಿನ ಅನುಕೂಲ ನೋಡಿಕೊಂಡು, ಇದನ್ನು ಬಳಸಬಹುದು ಅಂತ 2016ರ ಅದೇ ಮಾರ್ಗಸೂಚಿ ಹೇಳುತ್ತದೆ. ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು, ಮೊದಲ ಸಲ ಗಾಯ ಬಿಟ್ಟುಕೊಂಡು ಮತ್ತೆ ಹೊಲಿಸಿಕೊಂಡವರು ಸರ್ಜನ್ ಹತ್ತಿರ ಇದರ ಮಾತೆತ್ತಬಹುದು. ಉಳಿದವರಿಗೆ ದುಡ್ಡು ದಂಡ. ಮಲದ್ವಾರದ ಅಷ್ಟು ಹತ್ತಿರ ಗಾಳಿ ಸೋರದ ಹಾಗೆ ಅಂಟಿಸುವುದು ಸುಲಭವಲ್ಲ. ಸೋರಿದರೆ ಪಂಪು ರಾತ್ರಿಯೆಲ್ಲ ಕೂಗುತ್ತದೆ.

ಯಾವುದೇ ಇರಲಿ, ಆಸ್ಪತ್ರೆಯಲ್ಲಿ ಹಾಕಿದ ಮೊದಲ ಡ್ರೆಸ್ಸಿಂಗನ್ನು, ಕೊಳೆಯಾಗದಿದ್ದರೆ, 48 ಗಂಟೆ ಮುಟ್ಟಬೇಡಿ. ಆಮೇಲೆ ಶವರ್ ಕೆಳಗೆ ನಿಂತು ಸ್ನಾನ ಮಾಡಬಹುದು. ಬದಲಿಸುವವರು ಮೊದಲು ಸೋಪಿನಿಂದ ಕೈ ತೊಳೆಯಬೇಕು, ಹಳೆಯದು ತೆಗೆದ ಮೇಲೆ ಇನ್ನೊಮ್ಮೆ. ಎರಡನೆಯ ಸಲದ ತೊಳೆಯುವಿಕೆಯನ್ನು ಎಲ್ಲರೂ ಮರೆಯುತ್ತಾರೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು, ಪುಡಿ ಉದುರಿಸುವುದು, ಎಣ್ಣೆ ಸವರುವುದು ಯಾವುದೂ ಬೇಡ. ನೊರೆ ಬಂದರೆ ಗಾಯ ಶುದ್ಧವಾಯಿತು ಅಂತೇನಿಲ್ಲ, ಹೊಸದಾಗಿ ಬೆಳೆಯುತ್ತಿರುವ ಜೀವಕೋಶಗಳೂ ಅದರಲ್ಲಿ ಸಾಯುತ್ತವೆ.

ಟಾಯ್ಲೆಟ್ಟಿನಲ್ಲಿ

ಪೇಪರ್ ಬಳಸುವವರಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿರುವುದು ಮುಂದಿನಿಂದ ಹಿಂದಕ್ಕೆ ಒರೆಸಬೇಕು ಅಂತ. ಮೂತ್ರದ ಸೋಂಕು ತಡೆಯಲು ಅದು ಸರಿಯೇ. ಈಗ ಯೋಚಿಸಿ, ನಿಮ್ಮ ಗಾಯ ಇರುವುದು ಮಲದ್ವಾರದ ಹಿಂದೆ. ಮುಂದಿನಿಂದ ಹಿಂದಕ್ಕೆ ಎಳೆದರೆ ಮಲ ನೇರ ಹೊಲಿಗೆಯ ತುದಿಗೇ ಹೋಗುತ್ತದೆ! ಹಾಗಂತ ಹೆಂಗಸರು ಹಿಂದಿನಿಂದ ಮುಂದಕ್ಕೆ ಒರೆಸುವ ಹಾಗೂ ಇಲ್ಲ. ಉಳಿದಿರುವ ದಾರಿ ಒಂದೇ: ಎಳೆಯದೆ ಒತ್ತಿ ತೆಗೆಯುವುದು. ಒಂದು ಸಲ ಒತ್ತಿದ ಪೇಪರ್ ಎಸೆದು ಹೊಸದು ತಗೊಳ್ಳಿ.

ಒಣ ಪೇಪರ್ ಪೂರ್ತಿ ಸ್ವಚ್ಛ ಮಾಡುವುದಿಲ್ಲ, ಉಜ್ಜುವ ಹಾಗೆ ಮಾಡುತ್ತದೆ. ಒದ್ದೆ ವೈಪ್ಸ್ ಪರವಾಗಿಲ್ಲ, ಸುವಾಸನೆ ಇಲ್ಲದ್ದಾಗಿರಲಿ. ನೀರೇ ಎಲ್ಲಕ್ಕಿಂತ ಚೆನ್ನಾಗಿ ತೊಳೆಯುತ್ತದೆ, ಷರತ್ತು ಮೂರು. ಹ್ಯಾಂಡ್ ಶವರ್ ಆದರೆ ಜೋರು ಕಮ್ಮಿ ಇರಲಿ, ಬಿರುಸಾಗಿ ಬಿಟ್ಟರೆ ಕೊಳೆ ನೀರು ನಾಲ್ಕು ಕಡೆ ಸಿಡಿಯುತ್ತದೆ. ಡ್ರೆಸ್ಸಿಂಗ್ ನೀರು ತಡೆಯುವಂಥದ್ದಾಗಿರಲಿ, ಇಲ್ಲವೇ ತೊಳೆದ ತಕ್ಷಣ ಬದಲಿಸಲು ಯಾರಾದರೂ ಇರಲಿ. ಕೊನೆಗೆ, ಮೆತ್ತನೆ ಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸಿ. ಒದ್ದೆ ಬಿಟ್ಟರೆ ತೊಳೆದ ಲಾಭ ಅರ್ಧ ಹೋಯಿತು. ಗಾಜ್ ಕಟ್ಟಿಕೊಂಡವರು ನೀರು ಬಳಸುವುದಾದರೆ ಪ್ರತಿ ಸಲವೂ ಗಾಜ್ ಬದಲಿಸಲು ತಯಾರಿರಬೇಕು. ಒದ್ದೆ ಗಾಜ್ ಬ್ಯಾಕ್ಟೀರಿಯಾಕ್ಕೆ ಸೇತುವೆ.

ಟಬ್‌ನಲ್ಲಿ ಬಿಸಿನೀರು ತುಂಬಿ ಕೂರುವುದು ಮೂಲವ್ಯಾಧಿ ಆಪರೇಷನ್ ಆದವರಿಗೆ ಹೇಳುವ ಉಪಾಯ. ಅವರ ಮಾತು ಕೇಳಿ ನೀವು ಕೂರಬೇಡಿ. ಹೊಲಿದು ಮುಚ್ಚಿದ ಗಾಯವನ್ನು ನೀರಲ್ಲಿ ನೆನೆಹಾಕುವ ಹಾಗಿಲ್ಲ.

ಮಲ ಮೆತ್ತಗಿರಲಿ, ತೆಳ್ಳಗಾಗದಿರಲಿ

ನೋವಿನ ಮಾತ್ರೆಗಳಲ್ಲಿ ಓಪಿಯಾಯ್ಡ್ ಜಾತಿಯವು (ಅಫೀಮಿನ ಥರ ಕೆಲಸ ಮಾಡುವಂಥವು), ಟ್ರಾಮಡಾಲ್ ಸೇರಿ, ಮಲ ಕಟ್ಟಿಸುತ್ತವೆ. ಟಾಯ್ಲೆಟ್ಟಿನಲ್ಲಿ ತಿಣುಕಿದರೆ ಹೊಲಿಗೆ ಎಳೆಯುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಏನಾದರೊಂದು ಬೇಕು. ಇಸಬ್‌ಗೋಲ್ ಥರದ ನಾರು ಅಗ್ಗ, ದಿನನಿತ್ಯಕ್ಕೆ ಒಳ್ಳೆಯದು. ಆದರೆ ಓಪಿಯಾಯ್ಡ್ ತಗೊಳ್ಳುತ್ತಿರುವಾಗ ಅದೊಂದೇ ಸಾಲದು, ನೀರು ಕಮ್ಮಿ ಕುಡಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಲ್ಯಾಕ್ಟುಲೋಸ್, ಪಾಲಿಎಥಿಲೀನ್ ಗ್ಲೈಕಾಲ್ ಕರುಳಿಗೆ ನೀರು ಎಳೆದು ಮಲ ಮೆತ್ತಗೆ ಮಾಡುತ್ತವೆ. ಲ್ಯಾಕ್ಟುಲೋಸ್ ಕೆಲಸ ಶುರುಮಾಡಲು ಒಂದೆರಡು ದಿನ ಹಿಡಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಬಿಸಾಕೊಡಿಲ್ ರಾತ್ರಿ ತಗೊಂಡರೆ ಬೆಳಗ್ಗೆ ಹೊತ್ತಿಗೆ ಹೊಟ್ಟೆ ಹಿಂಡಿ ಖಾಲಿ ಮಾಡಿಸುತ್ತದೆ, ಸಿಕ್ಕಿಹಾಕಿಕೊಂಡಾಗ ಒಂದು ಸಲಕ್ಕೆ ಸರಿ.

ನನ್ನ ಒಲವು ನೀರು ಎಳೆಯುವ ಔಷಧಿಯ ಕಡೆ, ಡೋಸ್ ಮಾತ್ರ ಹುಷಾರು. ದಿನಕ್ಕೊಮ್ಮೆ, ಮೆತ್ತಗೆ, ಆಕಾರ ಇರುವ ಮಲ. ಇಷ್ಟು ಬಂದರೆ ಗುರಿ ಮುಟ್ಟಿದ ಹಾಗೆ. ನೀರಾದರೆ ಆ ದಿನದ ಡೋಸ್ ಬಿಟ್ಟು ಡಾಕ್ಟರ್‌ಗೆ ಫೋನ್ ಮಾಡಿ.

ಕೂರುವುದು

ಚಿಕ್ಕದಾಗಿ ಹೇಳುತ್ತೇನೆ. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಅದು ಕುಂಡಿಯನ್ನು ಎರಡು ಕಡೆಗೆ ಅಗಲಿಸಿ ಹೊಲಿಗೆ ಎಳೆಯುತ್ತದೆ. ಹಿಂದುಗಡೆ ಮಾತ್ರ ಕತ್ತರಿಸಿ ಬಿಟ್ಟಿರುವ, ಯು ಆಕಾರದ ಇಳಿಜಾರು ದಿಂಬು ವಾಸಿ. ಅದಕ್ಕಿಂತ ವಾಸಿ, ಮತ್ತು ಖರ್ಚೇ ಇಲ್ಲದ್ದು, ಮೊದಲ ವಾರಗಳಲ್ಲಿ ಆದಷ್ಟು ಕೂರದಿರುವುದು. ಮಗ್ಗುಲಾಗಿ ಅಥವಾ ಬೋರಲು ಮಲಗಿ, ನಿಂತುಕೊಳ್ಳಿ, ಮೆಲ್ಲಗೆ ಓಡಾಡಿ. ಕೂರಲೇಬೇಕಾದರೆ ಮುಂದಕ್ಕೆ ಬಾಗಿ ತೊಡೆಗಳ ಮೇಲೆ ಭಾರ ಹಾಕಿ.

ಹಾಗಾದರೆ ನಿಮಗೆ ಯಾವುದು?

ಮನೆಯಲ್ಲಿ ದಿನವೂ ನೋಡಿಕೊಳ್ಳುವವರಿದ್ದಾರೆ, ದುಡ್ಡು ನೋಡಿ ಖರ್ಚು ಮಾಡಬೇಕು ಅಂದರೆ ಗಾಜ್ ಸಾಕು. ಆದರೆ ಬೆಳಗ್ಗೆ ಟಾಯ್ಲೆಟ್‌ಗೆ ಹೋಗುವ ಹೊತ್ತಿಗೆ ಮಾತ್ರ, ಗಾಜ್ ಮುಚ್ಚುವ ಹಾಗೆ ಮೇಲೊಂದು ಫಿಲ್ಮ್ ಅಂಟಿಸಿ, ಆಮೇಲೆ ಎರಡನ್ನೂ ತೆಗೆದು ಹೊಸ ಗಾಜ್ ಹಾಕಿ. ದಿನಕ್ಕೆ ಒಂದು ಫಿಲ್ಮ್ ಖರ್ಚು, ಅಷ್ಟೇ.

ಒಬ್ಬರೇ ಇರುವವರು ಆಪರೇಷನ್ ಮುಂಚೆಯೇ ಅಂಟಿನ ಬಗ್ಗೆ ಕೇಳಿ. ಅದು ಆಗದಿದ್ದರೆ ಪ್ಯಾಡ್ ಇರುವ ಫಿಲ್ಮ್, ಎರಡು ಮೂರು ದಿನಕ್ಕೊಮ್ಮೆ ಕ್ಲಿನಿಕ್‌ನಲ್ಲಿ ಬದಲಿಸಿಕೊಳ್ಳುವ ಏರ್ಪಾಟು. ನಡುವೆ ಮಲ ಒಳಗೆ ಹೋದರೆ ಆ ದಿನವೇ ಹೋಗಬೇಕು. ಇಲ್ಲಿ ಖರ್ಚು ಉಳಿಸಬೇಡಿ. ಸ್ವಂತ ಕೈಯನ್ನು ಹಿಂದಕ್ಕೆ ತಿರುಗಿಸಿ ಅಂದಾಜಿನ ಮೇಲೆ ಗಾಜ್ ಕಟ್ಟಿಕೊಂಡದ್ದು ನಿಲ್ಲುವುದೂ ಇಲ್ಲ, ಅದರ ಕೆಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದೂ ಇಲ್ಲ.

ತೂಕ ಜಾಸ್ತಿ, ಸಂದು ಆಳ, ಬೆವರು ಜಾಸ್ತಿ ಅನ್ನುವವರಿಗೆ ಫಿಲ್ಮ್‌ಗಿಂತ ಫೋಮ್ ಮೇಲು. ಸಕ್ಕರೆ ಕಾಯಿಲೆಯೂ ಜೊತೆಗಿದ್ದರೆ ಗಾಳಿ ಹೀರುವ ಡ್ರೆಸ್ಸಿಂಗ್ ಬಗ್ಗೆ ಕೇಳಿ. ಟೇಪು ತೆಗೆದಾಗಲೆಲ್ಲ ಚರ್ಮ ಕೆಂಪಾಗುವವರಿಗೆ ಸಿಲಿಕೋನ್ ಅಂಚಿನದು. ಅಂಥವರು ಅಂಟು ಹಾಕಿಸಿಕೊಳ್ಳುವ ಮುಂಚೆ ಹಳೆಯ ಅಲರ್ಜಿಗಳನ್ನು ಸರ್ಜನ್‌ಗೆ ಹೇಳಲೇಬೇಕು.

ಎಷ್ಟೇ ಜಾಗ್ರತೆ ಮಾಡಿದರೂ

ಮೊದಲ ಎರಡು ಮೂರು ದಿನ ನೋವು, ಸ್ವಲ್ಪ ಕೆಂಪು, ತಿಳಿಗೆಂಪು ನೀರು ಒಸರುವುದು ಎಲ್ಲ ಸಾಮಾನ್ಯ. ದಿನ ಕಳೆದಂತೆ ನೋವು ಇಳಿಯಬೇಕು. ಇಳಿದ ನೋವು ನಾಲ್ಕೈದನೇ ದಿನ ಮತ್ತೆ ಏರಿತು, ಕೆಂಪು ಹರಡುತ್ತಿದೆ, ಮುಟ್ಟಿದರೆ ಬಿಸಿ, ಒಸರುವುದು ಗಟ್ಟಿಯಾಗಿ ವಾಸನೆ ಬರುತ್ತಿದೆ, ಹೊಲಿಗೆ ಬಿಟ್ಟುಕೊಂಡಿದೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದೆ: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಸರ್ಜನ್‌ಗೆ ತಿಳಿಸಿ, ನಾಳೆ ನೋಡೋಣ ಅನ್ನಬೇಡಿ. ದಿನವೂ ಅದೇ ಬೆಳಕಿನಲ್ಲಿ, ಅದೇ ದೂರದಿಂದ ಒಂದು ಫೋಟೋ ತೆಗೆದಿಟ್ಟಿದ್ದರೆ ಕೆಂಪು ಹರಡಿದೆಯಾ ಇಲ್ಲವಾ ಅನ್ನುವ ವಾದವೇ ಏಳುವುದಿಲ್ಲ. ಗಾಯದಿಂದ ಗಾಳಿಯೋ ಮಲವೋ ಬಂದ ಹಾಗಾದರೆ, ಕೂರುವ ಜಾಗ ಮರಗಟ್ಟಿದರೆ, ಮಲಮೂತ್ರ ಹಿಡಿತ ತಪ್ಪಿದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಎಲ್ಲ ಸರಿಹೋದರೆ ಸಾಮಾನ್ಯವಾಗಿ ಎರಡು ವಾರದ ಸುಮಾರಿಗೆ ಹೊಲಿಗೆ ಬಿಚ್ಚುತ್ತಾರೆ. ಬಿಚ್ಚಿದ ದಿನವೇ ಡ್ರೆಸ್ಸಿಂಗ್ ಬಿಡಬಹುದಾ ಅಂತ ಅಲ್ಲೇ ಕೇಳಿ, ಯಾಕೆಂದರೆ ಸಂದಿನ ಕೆಳತುದಿ ಕೊನೆಗೆ ಮಾಯುತ್ತದೆ. ಅಲ್ಲಿ ಒಂದು ಚುಕ್ಕೆಯಷ್ಟು ಹಸಿ ಉಳಿದಿದ್ದರೂ ಇನ್ನು ಕೆಲವು ದಿನ ಮುಚ್ಚಿಡಲು ಹೇಳಬಹುದು. ಈಜುಕೊಳ, ಟಬ್ ಸ್ನಾನ ಮಾತ್ರ ಸರ್ಜನ್ ಕಣ್ಣಾರೆ ನೋಡಿ ಸರಿ ಅನ್ನುವವರೆಗೆ ಬೇಡ.